ಬೀಗ ಹಾಕಿದ ಮನೆಯ ತುಂಬಿದ ಗುಂಡಿ

"ಆ ಚಪ್ಪಡಿಗೆ ಹಾರೆ ತಾಗಿಸ್ದೆ ಅಂದ್ರೆ ಕೈ ಮುರ್ದಾಕ್‌ಬುಡ್ತೀನಿ, ಏನಂದ್ಕೊಂಡಿದೀಯ!"

ನಂಜುಂಡಯ್ಯನ ಕೂಗಿಗೆ ತೆಂಗಿನ ಮರದ ಮೇಲಿದ್ದ ಕಾಗೆಗಳು ದಡಬಡನೆ ಎದ್ದು ಹಾರಿದವು. ಬೋರಯ್ಯ ಮಾತ್ರ ಹಾರೆ ಹಿಡಿದು ನಿಂತಲ್ಲೇ ನಿಂತ. ಕಕ್ಕಸು ಗುಂಡಿ ಎಳೆಯುವ ಟ್ಯಾಂಕರನ್ನು ಅರಸೀಕೆರೆಯಿಂದ ಓಡಿಸಿಕೊಂಡು ಬಂದವನು ಅವನು. ಬೈಗುಳ ಅವನಿಗೇನು ಹೊಸದೇ? ಕರೆಸಿಕೊಂಡವರೇ ಮೂಗು ಮುಚ್ಚಿಕೊಂಡು ಬೈಯುತ್ತಾರೆ. ಇವರಂತೂ ಕರೆಸಿಕೊಂಡವರೂ ಅಲ್ಲ.

"ಮೇಡಂ, ಎತ್ಲೋ ಬ್ಯಾಡ್ವೋ? ಒಂದ್ ಮಾತ್ ಹೇಳ್ಬುಡಿ. ನಂಗೆ ಇನ್ನೊಂದ್ ಕಡೆ ಹೋಗ್ಬೇಕು."

"ಎತ್ತಿ," ಎಂದಳು ಇಂದು.

ಆರೋಗ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸ ಅವಳದು. ಬಾವಿಗೆ ಔಷಧಿ ಹಾಕಿಸುವುದು, ಸೊಳ್ಳೆ ಮರಿ ಹುಡುಕುವುದು, ಹೋಟೆಲಿನವರ ಹತ್ತಿರ ಜಗಳ ಕಾಯುವುದು. ಕೋಪವೋ ಮೂಗಿನ ತುದಿಯಲ್ಲೇ. ಈಗ ಅವಳ ಕೈಯಲ್ಲಿ ಮೇಲಧಿಕಾರಿಯ ಸಹಿ ಬಿದ್ದ ಆದೇಶವಿತ್ತು. ಮಾದಿಹಳ್ಳಿಗೂ ಹಳೇಬೀಡಿಗೂ ನಡುವಿನ ಈ ತೋಟದ ಮನೆಯಿಂದ ಹದಿನೈದು ದಿನವಾಯಿತು, ನಾರುವ ನೀರು ಕಾಲುವೆಗಿಳಿದು ಕೆಳಗಿನ ಕಾಲನಿಯ ಬಾವಿ ಸೇರುತ್ತಿತ್ತು. ಆರು ಮನೆಯವರು ವಾಂತಿಭೇದಿಯಿಂದ ಮಲಗಿದ್ದರು.

ಊರಿನ ಕಣ್ಣಿಗೆ ಇದು ಗಬ್ಬು ಗುಂಡಿಯ ಜಗಳ. ಇಂದುವಿಗೆ ಅಷ್ಟೇ ಅಲ್ಲ. ಈ ಮನೆಯಲ್ಲಿದ್ದ ದೇವೀರಪ್ಪನನ್ನು, ಅಂದರೆ ನಂಜುಂಡಯ್ಯನ ತಮ್ಮನನ್ನು, ಕೊಂದು ಹೆಣ ಮಾಯ ಮಾಡಿದ ಎಂಬ ಕೇಸಿನಲ್ಲಿ ಆರೋಪಿ ಅವಳ ಒಡಹುಟ್ಟಿದ ತಮ್ಮ ರಾಹುಲ್. ಸೋಮವಾರ ಹಾಸನದ ಕೋರ್ಟಿನಲ್ಲಿ ತೀರ್ಪು. ಇವತ್ತು ಗುರುವಾರ.

"ಕೇಳಿದ್ರಾ ಸಿದ್ದಬಸಪ್ಪ? ಕೊಲೆಗಾರನ ಅಕ್ಕ ಬಂದು ಸತ್ತೋನ ಹಿತ್ತಲು ಅಗೀತಾಳಂತೆ! ಇದ್ಯಾವ ನ್ಯಾಯ ಕಣ್ರೀ?"

ಪಂಚಾಯ್ತಿ ಕಾರ್ಯದರ್ಶಿ ಸಿದ್ದಬಸಪ್ಪ ಸಾಕ್ಷಿಗೆಂದು ಬಂದವನು. ಒಂದು ಕೈಯಲ್ಲಿ ಮಹಜರು ಬರೆಯುವ ಹಾಳೆ, ಇನ್ನೊಂದು ಕೈಯ ಕರವಸ್ತ್ರ ಮೂಗಿಗೆ. ಯಾರ ಕಡೆಗೂ ವಾಲದೆ ರಿಟೈರಾಗಬೇಕು ಎಂಬುದೊಂದೇ ಅವನ ಜೀವನದ ಆಸೆ.

"ಆರ್ಡರ್ ಐತಲ್ಲ ನಂಜುಂಡಯ್ನೋರೆ, ನಾನೇನ್ ಮಾಡ್ಲಿ? ಬರ್ಕೊಳ್ಳೋದಷ್ಟೆ ನನ್ ಕೆಲ್ಸ."

"ಹಾಗಾದ್ರೆ ಮೊದಲನೇ ಸಾಲು ನಾನು ಹೇಳ್ತೀನಿ, ಬರ್ಕೊಳ್ಳಿ," ಎಂದಳು ಇಂದು. "ಗುಂಡಿಯಿಂದಾಗಲಿ, ಪೈಪಿನಿಂದಾಗಲಿ, ಏನು ಸಿಕ್ಕಿದರೂ ಒಂದನ್ನೂ ಬಿಡದೆ ಇದರಲ್ಲಿ ಬರೆಯತಕ್ಕದ್ದು. ಬರೆದ್ರಾ? ನಾನು ಸಹಿ ಹಾಕ್ತೀನಿ. ಅವರದ್ದೂ ಹಾಕಿಸಿ. ಆಮೇಲೆ ನೋಡಲಿಲ್ಲ, ಸಿಗಲಿಲ್ಲ ಅನ್ನೋ ಮಾತು ಬರಬಾರದು."

"ಹಾಕ್ತೀನಿ ಕೊಡ್ರಿ! ನಂಗೇನು ಭಯ?" ನಂಜುಂಡಯ್ಯ ಪೆನ್ನು ಕಿತ್ತುಕೊಂಡು ಹಾಳೆ ಹರಿಯುವಂತೆ ಸಹಿ ಗೀಚಿದ. "ಸಿಕ್ಕೋದೇನು, ಅದೇ ಸಿಕ್ಕೋದು. ಚೆನ್ನಾಗಿ ಬಾಚ್ಕೊಂಡು ಹೋಗ್ಲಿ."

ಇಂದುವಿನ ಮೈ ಉರಿದುಹೋಯಿತು. ಬೇಲಿಯ ಕಡೆ ತಿರುಗಿದಳು.

ಬೇಲಿಯಾಚೆ ಅವಳ ಅಪ್ಪ ಜವರಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಇಪ್ಪತ್ತೈದು ವರ್ಷದ ಹಿಂದೆ ಈ ಗುಂಡಿ ತೋಡಿ ಕಲ್ಲು ಕಟ್ಟಿದವನು ಅವನೇ. ಇವತ್ತು ಬೇಲಿಯೊಳಗೆ ಕಾಲಿಟ್ಟರೆ ಸುಮ್ಮನಿರುವುದಿಲ್ಲ ಎಂದು ನಂಜುಂಡಯ್ಯ ಬೆಳಿಗ್ಗೆಯೇ ಹೇಳಿಕಳಿಸಿದ್ದ. ಹಿಂದೆಲ್ಲ ಜವರಯ್ಯ 'ಬುದ್ಧಿ' ಎಂದು ಕೈಮುಗಿದು ನಿಲ್ಲುತ್ತಿದ್ದ. ದೀಕ್ಷೆ ತೆಗೆದುಕೊಂಡು ಬುದ್ಧನ ಪಟ ಮನೆಯಲ್ಲಿಟ್ಟ ದಿನವೇ ಆ ಮಾತು ಬಿಟ್ಟ. ನಂಜುಂಡಯ್ಯನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದಲೇ.

ಆಮೇಲೆ ಜಮೀನು. ಜವರಯ್ಯನ ತಂದೆಗೆ ಸರ್ಕಾರ ಮಂಜೂರು ಮಾಡಿದ್ದ ಮೂರು ಎಕರೆ ಯಾವತ್ತೋ ಈ ಅಣ್ಣತಮ್ಮಂದಿರ ಕೈಸೇರಿತ್ತು. ರಾಹುಲ್ ಓದಿಕೊಂಡು, ಅರ್ಜಿ ಹಾಕಿ, ಅಲೆದು, ಬಿಡಿಸಿಕೊಂಡ. ಬಿಡಿಸಿಕೊಂಡ ತಿಂಗಳಲ್ಲೇ ದೇವೀರಪ್ಪ ಕಾಣೆಯಾದ. ಅದೇ ಹೊಲದಲ್ಲಿ ರಕ್ತ ಮೆತ್ತಿದ ಅವನ ಟವೆಲ್ಲು, ಚಪ್ಪಲಿ ಸಿಕ್ಕವು. ಹೆಣ ಸಿಗಲೇ ಇಲ್ಲ. ರಾಹುಲ್ ಹದಿನಾಲ್ಕು ತಿಂಗಳು ಜೈಲಲ್ಲಿದ್ದು, ಈ ಸಂಕ್ರಾಂತಿ ಹೊತ್ತಿಗೆ ಜಾಮೀನಿನ ಮೇಲೆ ಮನೆಗೆ ಬಂದಿದ್ದ.

ಇಂದು ರಬ್ಬರ್ ಕೈಗವಸು ಹಾಕಿಕೊಳ್ಳಲು ಹೋದಳು. ಉಂಗುರ ಅಡ್ಡ ಬಂತು. ಬೆಳ್ಳಿಯದು, ಮೇಲೆ ಧರ್ಮಚಕ್ರ. ರಾಹುಲ್ ಜೈಲಿಂದ ಬಂದ ವಾರ ಅವ್ವ ಗಿಡ್ಡಮ್ಮ ತನ್ನ ಹಳೇ ಕಾಲ್ಗಡಗ ಕರಗಿಸಿ, ಬೇಲೂರಿನ ಅಕ್ಕಸಾಲಿಗನ ಹತ್ತಿರ ಕೂತು ಮಾಡಿಸಿದ ಜೋಡಿ ಉಂಗುರ. ಒಂದು ಮಗಳಿಗೆ, ಒಂದು ಮಗನಿಗೆ. ಆ ಪುಣ್ಯಾತ್ಮ ಎರಡು ತಿಂಗಳೂ ಬಾಳಿಸಲಿಲ್ಲ. ಶಿವರಾತ್ರಿ ಮಾರನೇ ದಿನ ಬರಿಬೆರಳಲ್ಲಿ ಬಂದು, ಅರಸೀಕೆರೆ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಕಳೆಯಿತು ಅಂದ. ಅವ್ವ ಮೂರು ದಿನ ಬೈದಳು. ಇಂದು ತನ್ನದನ್ನು ಬಿಚ್ಚಿ ಪರ್ಸಿನಲ್ಲಿಟ್ಟು ಕೈಗವಸು ಎಳೆದುಕೊಂಡಳು.

ಬೋರಯ್ಯ ಹಾರೆ ಒತ್ತಿದ. ಚಪ್ಪಡಿ ಕರ್ರೆಂದು ಸರಿಯಿತು.

ಗುಂಡಿ ಬಾಯ್ತುಂಬ ತುಂಬಿತ್ತು.

ಸಿದ್ದಬಸಪ್ಪ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ. ಜಗಲಿಯ ಮೇಲೆ ಕೂತಿದ್ದ ಹೆಂಗಸು ಸೆರಗನ್ನು ಮುಖಕ್ಕೊತ್ತಿಕೊಂಡಳು. ಅವಳು ಹನುಮಮ್ಮ, ದೇವೀರಪ್ಪನ ಹೆಂಡತಿ. ಬರಿ ಹಣೆ, ಬರಿಗೈ. ಗಂಡ ಸತ್ತ ಮೇಲೆ ಈ ಮನೆಗೆ ಬೀಗ ಹಾಕಿಸಿ, ಊರೊಳಗಿನ ಮನೆಯಲ್ಲಿ ಭಾವನ ಸಂಸಾರದ ಜೊತೆ ಇದ್ದಾಳೆ.

"ನನ್ ಗಂಡನ್ನ ನುಂಗಿದ್ದು ಸಾಲ್ದು ಅಂತ ಈಗ ಮನೆ ಬುಡಕ್ಕೇ ಕೈ ಹಾಕವ್ರೆ," ಎಂದಳು. "ನಿನ್ ಹೊಟ್ಟೆ ತಣ್ಣಗಿರಾಕಿಲ್ಲ ಕಣೇ!"

ಇಂದು ಬಾಗಿಲಿನ ಬೀಗ ನೋಡಿದಳು. ನಂಜುಂಡಯ್ಯನನ್ನು ಕೇಳಿದಳು.

"ಈ ಮನೆಗೆ ಬೀಗ ಹಾಕಿ ಎಷ್ಟು ದಿನ ಆಯ್ತು?"

"ಹದ್ನಾರು ತಿಂಗ್ಳು. ಕೋರ್ಟಲ್ಲೂ ಹೇಳಿದ್ದೀನಿ. ತಮ್ಮ ಹೋದ ಮ್ಯಾಕೆ ಒಬ್ರೂ ಇತ್ಲಾಗೆ ತಲೆ ಹಾಕಿಲ್ಲ."

"ಅಪ್ಪಾ! ಇದನ್ನ ಕಡೇ ಸಲ ಬಳಿದದ್ದು ಯಾವಾಗ?"

"ಅವ್ರು ಕಾಣೆಯಾದ ವರ್ಸದ ಆಯುಧಪೂಜೆ ಹಿಂದ್ಲ ದಿನ," ಎಂದು ಜವರಯ್ಯ ಬೇಲಿಯಾಚೆಯಿಂದಲೇ ಕೂಗಿದ. "ತಳ ಕಾಣಂಗೆ ಬಳ್ದು ಸುಣ್ಣ ಹಾಕಿದ್ದೆ. ಎರಡಾಳು ಆಳ ಐತೆ ಕಣವ್ವ. ಗಂಡ ಹೆಂಡ್ತಿ ಇಬ್ರೇ ಇದ್ರೆ ಹತ್ತು ವರ್ಸ ತುಂಬಾಕಿಲ್ಲ."

"ಮಳೆ ನೀರು ಇಳ್ದೈತೆ," ಎಂದ ನಂಜುಂಡಯ್ಯ.

"ಯಾವ ಮಳೆ? ಎರಡು ವರ್ಷದಿಂದ ಕೆರೆ ಏರಿ ಮೇಲೆ ನಿಂತ್ಕೊಂಡು ಮೋಡ ನೋಡ್ತಿದ್ದೀವಿ ಎಲ್ಲಾರೂ."

"ಹಂಗಾರೆ ನಿಮ್ಮೋರೇ ತಂದು ಸುರ್ದಿರ್ತಾರೆ! ಕೇಸು ಕೆಡ್ಸಾಕೆ ನೀವು ಏನ್ ಬೇಕಾದ್ರೂ ಮಾಡೋ ಜನ!"

"ನಂಜುಂಡಯ್ಯನೋರೆ, ನಮ್ಮ ಜನ ಇಷ್ಟು ವರ್ಷ ನಿಮ್ಮದನ್ನ ಹೊತ್ತು ಆಚೆ ಹಾಕಿದ್ದಾರೆ. ಹೊತ್ತು ತಂದು ನಿಮಗೆ ಕೊಟ್ಟಿಲ್ಲ."

ಬೋರಯ್ಯನಿಗೆ ನಗು ತಡೆಯಲಾಗಲಿಲ್ಲ. ನಂಜುಂಡಯ್ಯನ ಮುಖ ಕೆಂಪಗೆ ಕಾದುಹೋಯಿತು. ಬೋರಯ್ಯ ನಗು ಮುಚ್ಚಿಕೊಂಡು ದಪ್ಪ ಹೋಸು ಗುಂಡಿಗಿಳಿಸಿ ಮೋಟರು ಹಾಕಿದ. ಟ್ಯಾಂಕರ್ ಗೊರಗೊರ ಎಂದು ಎಳೆಯತೊಡಗಿತು.

ಆ ಸದ್ದಿನಲ್ಲಿ ಇಂದು ಹಿತ್ತಲನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿದಳು. ಸಾಲಾಗಿ ಹನ್ನೆರಡು ತೆಂಗಿನ ಮರ. ಹನ್ನೊಂದರ ಗರಿಗಳು ಹಳದಿ ತಿರುಗಿ ಜೋತುಬಿದ್ದಿದ್ದವು. ಕಾಯಿ ನಿಂಬೆಹಣ್ಣಿನಷ್ಟಾಗಿ ಉದುರಿ ನೆಲದ ತುಂಬ ಬಿದ್ದಿದ್ದವು. ಹನ್ನೆರಡನೆಯದು ಮಾತ್ರ ಕಡುಹಸಿರಾಗಿ ನಿಂತು, ಗೊನೆ ಮೇಲೆ ಗೊನೆ ಬಿಟ್ಟಿತ್ತು.

"ಅದು ಬಚ್ಚಲ ಮರ ಅಲ್ವಾ ಅಪ್ಪಾ?"

"ಹೂಂ ಕಣವ್ವ. ಬಚ್ಚಲ ನೀರು ಗುಂಡಿಗೆ ಬುಡ್ಬಾರ್ದು ಅಂತ ನಾನೇ ತೋಡು ತೆಗ್ದು ಆ ಮರಕ್ಕೆ ಹರ್ಸಿದ್ದೆ."

ಈ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಇಂಥ ಮರ ಒಂದಿರುತ್ತದೆ. ಮೈ ತೊಳೆದ ನೀರು, ಪಾತ್ರೆ ತೊಳೆದ ನೀರು ಕುಡಿದು ಬೆಳೆದ ಮರ. ಬೇರೆ ಮರ ಒಣಗಿದರೂ ಅದು ಒಣಗುವುದಿಲ್ಲ. ಮನೆಯಲ್ಲಿ ಜನ ಇರುವ ತನಕ.

"ಯಾರೂ ಇಲ್ಲದ ಮನೆ ಅಂತೀರಿ," ಎಂದಳು ಇಂದು. "ಹಾಗಾದ್ರೆ ಹದಿನಾರು ತಿಂಗಳಿಂದ ಈ ಮರಕ್ಕೆ ನೀರು ಕುಡಿಸ್ತಿರೋರು ಯಾರು?"

ನಂಜುಂಡಯ್ಯ ಮರ ನೋಡಿದ. ಕೊಬ್ಬರಿ ವ್ಯಾಪಾರದಲ್ಲೇ ತಲೆ ನರೆತವನು, ಮಂಡಿಯಲ್ಲಿ ಕೂತು ಕಾಯಿಯ ಸದ್ದಿನ ಮೇಲೆ ಬೆಲೆ ಕಟ್ಟುವವನು. ತನ್ನದೇ ಹಿತ್ತಲಿನ ಮರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಬೋರಯ್ಯನೋರೆ, ಆ ಬುಡ ಅಗೀರಿ."

"ಅಗಿಯಾಕೆ ಆರ್ಡರ್ ಇಲ್ಲ!" ನಂಜುಂಡಯ್ಯ ಮರಕ್ಕೆ ಅಡ್ಡ ನಿಂತ. ಈಗ ಅವನ ದನಿಯಲ್ಲಿ ಬೇರೇನೋ ಇತ್ತು. "ಮರ ಸತ್ರೆ ನೀನ್ ಕೊಡ್ತೀಯಾ? ಸರೀತೀಯೋ ಇಲ್ವೋ?"

"ಗುಂಡಿ ಮತ್ತು ಅದಕ್ಕೆ ಸೇರಿದ ಚರಂಡಿ ಅಂತ ಬರೆದಿದೆ. ಓದಿ ಹೇಳಿ ಸಿದ್ದಬಸಪ್ಪನೋರೆ."

ಸಿದ್ದಬಸಪ್ಪ ಕರವಸ್ತ್ರದೊಳಗಿಂದಲೇ ಓದಿದ. ಬರೆದಿತ್ತು.

ಮೊಣಕೈಯಾಳ ಅಗೆದದ್ದೇ ಮಣ್ಣು ಕೆಸರಾಯಿತು. ಇನ್ನೂ ಗೇಣು ಇಳಿಯುವಷ್ಟರಲ್ಲಿ ಗುದ್ದಲಿಗೆ ಏನೋ ಟೊಳ್ಳಾದದ್ದು ತಾಗಿತು. ಬಿಳಿಯ ಪಿವಿಸಿ ಪೈಪು, ಮನೆಯ ಕಡೆಯಿಂದ ಬಂದು ಮರದ ಬುಡದಲ್ಲಿ ಬಳಸಿ ಗುಂಡಿಯ ಕಡೆ ತಿರುಗಿತ್ತು. ತಿರುವಿನಲ್ಲಿ ಕೀಲು ಬಿಟ್ಟು ನೀರು ಜಿನುಗುತ್ತಿತ್ತು.

ಜವರಯ್ಯ ಬೇಲಿಯ ಮುಳ್ಳನ್ನೂ ಲೆಕ್ಕಿಸದೆ ಬಗ್ಗಿ ನೋಡಿದ.

"ಇದು ನಾನ್ ಹಾಕಿದ್ದಲ್ಲ ಮಗ! ನಂದು ಮಣ್ಣಿನ ಕೊಳವೆ, ನಾಕಿಂಚಿಂದು. ಇದು ಎರಡೂವರೆದು. ತ್ವಾಟಕ್ಕೆ ನೀರ್ ಹಾಯ್ಸೋ ಪೈಪು ಕಣವ್ವ ಇದು! ಕಕ್ಕಸ್ಗೆ ಯಾವನ್ಲಾ ಇದನ್ನ ಹಾಕ್ದೋನು, ಬುದ್ಧಿಗೆಟ್ಟೋನು? ಕಟ್ಟಿಕೊಳ್ದೆ ಇನ್ನೇನಾದಾತು?"

ಅವನ ಸಿಟ್ಟು ನಿಜವಾದದ್ದು. ಇಪ್ಪತ್ತೈದು ವರ್ಷ ಕೆಡದ ಕೆಲಸವನ್ನು ಯಾರೋ ಕೆಡಿಸಿದ್ದರು.

ಇಂದುವಿಗೆ ಮಾತ್ರ ಒಂದೊಂದೇ ಎಳೆ ಬಿಚ್ಚಿಕೊಳ್ಳತೊಡಗಿತು. ಬೀಗ ಹಾಕಿದ ಮನೆಯಿಂದ ತೋಡಿನಲ್ಲಿ ಬಚ್ಚಲ ನೀರು ಹರಿದರೆ ದಾರಿಹೋಕರು ಕಾಣುತ್ತಾರೆ. ಅದಕ್ಕೇ ತೋಡು ಮುಚ್ಚಿ, ಬಚ್ಚಲನ್ನೂ ಕಕ್ಕಸನ್ನೂ ಒಂದೇ ಪೈಪಿಗೆ ಸೇರಿಸಿ ಹೂತಿದ್ದಾರೆ. ಕೆಲಸ ಬಲ್ಲವನನ್ನು ಕರೆಯುವಂತಿಲ್ಲ, ಕರೆದರೆ ಗುಟ್ಟು ಹೊರಗೆ. ಜನ್ಮದಲ್ಲಿ ಕಕ್ಕಸಿನ ಮಣ್ಣು ಮುಟ್ಟದ ಕೈಗಳು ಮೊದಲ ಸಲ ಮುಟ್ಟಿ, ತಮಗೆ ಗೊತ್ತಿದ್ದ ಒಂದೇ ಪೈಪನ್ನು, ತೆಂಗಿಗೆ ನೀರು ಬಿಡುವ ಪೈಪನ್ನು, ಜೋಡಿಸಿದ್ದವು. ಗುಂಡಿ ಯಾವತ್ತಾದರೂ ತುಂಬುತ್ತದೆ ಎನ್ನುವುದೂ ಅವರ ತಲೆಗೆ ಹೊಳೆದಿಲ್ಲ. ಹೊಳೆಯುವುದು ಹೇಗೆ? ತುಂಬುವ ಮೊದಲೇ ಯಾರಾದರೂ ಬಂದು ಬಳಿದು ಹೋಗುತ್ತಿದ್ದರಲ್ಲ!

ಅವಳು ಪೈಪಿನ ಮೇಲಿನ ಕೆಸರು ಒರೆಸಿದಳು. ನೀಲಿ ಅಕ್ಷರ ಎದ್ದು ಬಂದವು.

"ಸಿದ್ದಬಸಪ್ಪನೋರೆ, ಇದರ ಮೇಲೆ ಏನು ಅಚ್ಚಾಗಿದೆ, ಗಟ್ಟಿಯಾಗಿ ಓದಿ."

"ಕಂಪ್ನಿ ಹೆಸ್ರು... ಅಳತೆ... ಆಮೇಲೆ ತಯಾರಾದ ತಿಂಗ್ಳು. ಎಂಟು. ಎರಡು ಸಾವಿರದ ಎರಡು."

"ದೇವೀರಪ್ಪನೋರು ಕಾಣೆಯಾದದ್ದು?"

"ಎರಡು ಸಾವಿರದ ಒಂದು. ಹನ್ನೊಂದನೇ ತಿಂಗ್ಳು." ಸಿದ್ದಬಸಪ್ಪನ ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. "ಅಂದ್ರೆ ಅವರು ಹೋಗಿ ಒಂಬತ್ತು ತಿಂಗ್ಳಾದ ಮೇಲೆ..."

"ಬರ್ಕೊಳ್ಳಿ."

ಬೋರಯ್ಯ ಗರಗಸ ತಂದು ತಿರುವಿನ ಎರಡೂ ಕಡೆ ಪೈಪು ಕೊಯ್ದ. ಮೊಳದುದ್ದದ ತುಂಡು ಕೈಗೆ ಬಂತು. ಒಳಗೆ ಕೂದಲು, ಬಟ್ಟೆಚೂರು, ಸೋಪಿನ ಜಿಗುಟು ಸೇರಿ ಬಿರಡೆ ಹಾಕಿದಂತೆ ಕಟ್ಟಿಕೊಂಡಿತ್ತು. ಬ್ಲೀಚಿಂಗ್ ಪುಡಿ ಕಲಸಿದ ಬಕೆಟ್ಟಿನ ಮೇಲೆ ಹಿಡಿದು ಕಡ್ಡಿಯಲ್ಲಿ ತಿವಿದ. ಒಂದು ಮುದ್ದೆ ಜಾರಿ ಬಕೆಟ್ಟಿಗೆ ಬಿತ್ತು. ಜೊತೆಗೆ ಗಟ್ಟಿಯಾದದ್ದೇನೋ ತಳಕ್ಕೆ ಟಕ್ಕೆಂದು ತಾಗಿತು.

ಇಂದು ಕೈ ಹಾಕಿ ಎತ್ತಿದಳು.

ಕಟ್ಟಿಸಿದ ಹಲ್ಲಿನ ಸೆಟ್ಟು. ಅರ್ಧಕ್ಕೆ ಮುರಿದದ್ದು. ಮೂರು ಬಿಳಿ ಹಲ್ಲು, ಪಕ್ಕದಲ್ಲೊಂದು ಬಂಗಾರದ ಹಲ್ಲು.

ಮಾದಿಹಳ್ಳಿಯಿಂದ ಹಳೇಬೀಡಿನವರೆಗೆ ಆ ಬಂಗಾರದ ಹಲ್ಲು ನೋಡದವರು ಯಾರು? ದೇವೀರಪ್ಪ ನಕ್ಕರೆ ಮೊದಲು ಕಾಣುತ್ತಿದ್ದದ್ದು ಅದೇ. ಪೊಲೀಸರ ಚಹರೆ ಪಟ್ಟಿಯಲ್ಲೂ ಅದೇ ಮೊದಲ ಸಾಲು.

"ಸುಳ್ಳು!" ನಂಜುಂಡಯ್ಯ ಕಿರುಚಿದ. "ಕೈಯಾಗೆ ಮಡೀಕ್ಕೊಂಡು ಬಂದವ್ಳೆ ಇವ್ಳು! ಸಿದ್ದಬಸಪ್ಪ, ಬರೀಬ್ಯಾಡ್ರಿ ಅದನ್ನ!"

"ಪೈಪು ಕೊಯ್ದೋನು ನಾನು," ಎಂದ ಬೋರಯ್ಯ. ಇಷ್ಟು ಹೊತ್ತು ಬೈಸಿಕೊಂಡದ್ದೆಲ್ಲ ಈಗ ಅವನ ದನಿಗೆ ಬಂದಿತ್ತು. "ಮೇಡಂ ಅತ್ಲಾಗೆ ನಿಂತಿದ್ರು. ನನ್ ಹೆಸ್ರೂ ಬರ್ಕಳಿ ಸ್ವಾಮಿ, ಸಾಕ್ಷಿ ಹೇಳ್ತೀನಿ."

"ಒಂಬತ್ತು ತಿಂಗ್ಳ ಆಮೇಲೆ ತಯಾರಾದ ಪೈಪಿನೊಳಕ್ಕೆ ಸತ್ತೋರ ಹಲ್ಲು ಹೇಗೆ ಬಂತು ನಂಜುಂಡಯ್ಯನೋರೆ?" ಇಂದು ಹಲ್ಲಿನ ಸೆಟ್ಟನ್ನು ಅವನ ಮುಖದ ಮುಂದೆ ಹಿಡಿದಳು. "ಹೇಳಿ! ಹದಿನಾಲ್ಕು ತಿಂಗಳು ನನ್ನ ತಮ್ಮ ಜೈಲಲ್ಲಿ ಮುದ್ದೆ ತಿಂದ. ನಿಮ್ಮ ತಮ್ಮ ಇಲ್ಲಿ ಕೂತು ಸೋಪು ಹಚ್ಚಿ ಸ್ನಾನ ಮಾಡ್ತಿದ್ರಾ?"

ಬೇಲಿಯಾಚೆ ಜವರಯ್ಯ ಎದ್ದು ನಿಂತಿದ್ದ. ತಲೆಯ ಟವೆಲ್ಲು ಕೈಗೆ ಬಂದಿತ್ತು. "ಉಳ್ಕಂಡ ಕಣವ್ವ," ಎಂದ. "ನನ್ ಮಗ ಉಳ್ಕಂಡ." ಕಣ್ಣಲ್ಲಿ ದಳದಳ ನೀರು.

ಜಗಲಿಯಿಂದ ಹನುಮಮ್ಮ ಇಳಿದು ಬಂದಳು. ಇಂದುವಿನ ಕೈಯಲ್ಲಿದ್ದದ್ದನ್ನು ಬಗ್ಗಿ ನೋಡಿದಳು. ಮುಟ್ಟಲಿಲ್ಲ. ಆಮೇಲೆ ಭಾವನ ಮುಂದೆ ಹೋಗಿ ನಿಂತಳು.

"ಬದ್ಕಿದ್ರಾ ಭಾವ?"

ನಂಜುಂಡಯ್ಯ ಬೇರೆ ಕಡೆ ನೋಡಿದ.

"ಹಂಗಾರೆ ನನ್ ಬಳೆ ಯಾಕ್ ಒಡ್ಸಿದ್ರಿ?"

ಬೋರಯ್ಯ ಹೋಗಿ ಟ್ಯಾಂಕರಿನ ಮೋಟರು ನಿಲ್ಲಿಸಿದ. ಹನುಮಮ್ಮನ ದನಿ ಹಿತ್ತಲಿಗೆಲ್ಲ ಕೇಳಿತು.

"ದಿವ್ಸಾ ನಿಮ್ಗೆ ಅನ್ನ ಬಡಿಸ್ತಿದ್ನಲ್ಲ ಭಾವ. ತ್ವಾಟಕ್ಕೆ ಬುತ್ತಿ ಕಟ್ಟು ಅಂತಿದ್ರಿ, ಕಟ್ಕೊಡ್ತಿದ್ದೆ. ಇಬ್ರ ಬುತ್ತಿ ಯಾಕೆ ಅಂತ ಒಂದಿನಾನೂ ಕೇಳ್ಲಿಲ್ಲ. ನನ್ ಗಂಡಂಗೆ ನಾನೇ ಅನ್ನ ಕಟ್ಟಿ ಕಳ್ಸಿ, ಬರೇ ಹಣೇಲಿ ಕೂತ್ಕಂಡು ಅತ್ತಿದ್ನಾ? ಥೂ ನಿಮ್ ಜನ್ಮಕ್ಕೆ!" ಅವಳು ಅವನ ಹೆಗಲ ವಸ್ತ್ರ ಹಿಡಿದು ಜಗ್ಗಿದಳು. "ಬಾಗ್ಲು ತೆಗೀರಿ! ಎಲ್ಲವ್ರೆ ಅವ್ರು? ತೆಗೀರಿ!"

ನಂಜುಂಡಯ್ಯ ತೆಂಗಿನ ಬುಡದಲ್ಲೇ ಕುಸಿದು ಕೂತ. ಬೆಳಿಗ್ಗೆಯಿಂದ ಹಾರಾಡಿದ ಮನುಷ್ಯ ಇವನೇನಾ ಎನ್ನಿಸುವ ಹಾಗೆ.

"ಇಲ್ಲ ಕಣಮ್ಮ. ಒಳಗಿಲ್ಲ," ಎಂದ. "ಇದ್ದ. ತೀರ್ಪು ಆಗೋಗ್ಲಿ, ಆಮ್ಯಾಕೆ ದೂರ ಎಲ್ಗಾದ್ರೂ ಕಳ್ಸಾನ ಅಂತಿದ್ದೆ. ಶಿವರಾತ್ರಿ ಮಾರ್ನೇ ದಿನ ಬುತ್ತಿ ತಂದೆ. ಹಿತ್ಲ ಬಾಗ್ಲು ತೆಗ್ದಿತ್ತು. ಅವ್ನಿಲ್ಲ. ಬಚ್ಚಲ ತುಂಬ ರಕ್ತ."

"ಸುಳ್ಳು," ಎಂದಳು ಇಂದು. ಆದರೆ ಸುಳ್ಳಿನಂತೆ ಕೇಳಲಿಲ್ಲ. "ರಕ್ತ ನೋಡಿದೋರು ಪೊಲೀಸ್ ಸ್ಟೇಷನ್ನಿಗೆ ಯಾಕೆ ಹೋಗಲಿಲ್ಲ?"

"ಹೋಗಿ ಏನಂತ ಹೇಳ್ಲಿ?" ನಂಜುಂಡಯ್ಯ ತಲೆಯೆತ್ತಿದ. "ಹದ್ನಾರು ತಿಂಗ್ಳ ಹಿಂದೆ ಸತ್ತೋನು ನೆನ್ನೆ ಸತ್ತ ಅಂತ ಹೇಳ್ಲಾ? ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿದ್ದೀನಿ ನಾನು! ಡ್ರಮ್ಮುಗಟ್ಲೆ ನೀರು ಸುರ್ದು ತೊಳ್ದೆ. ತೊಳ್ದು ಬೀಗ ಹಾಕ್ದೆ."

ಆ ನೀರೇ ಕಿರಿದಾದ ಪೈಪಿನಲ್ಲಿ ಹಿಡಿಸದೆ, ಮೊದಲೇ ಜಿನುಗುತ್ತಿದ್ದ ಕೀಲು ಪೂರಾ ಬಿಚ್ಚಿ, ತುಂಬಿದ್ದ ಗುಂಡಿ ಉಕ್ಕಿ, ಕಾಲನಿಯ ಬಾವಿಗೆ ಇಳಿದದ್ದು.

"ಹಲ್ಲಿಲ್ದೆ ಅವ್ರು ಹೊಸ್ಲು ದಾಟೋರಲ್ಲ," ಎಂದಳು ಹನುಮಮ್ಮ ತನ್ನಷ್ಟಕ್ಕೆ. ಅಷ್ಟು ಹೇಳಿ ನೆಲಕ್ಕೆ ಕೂತಳು.

ನಂಜುಂಡಯ್ಯನ ಕಣ್ಣು ನಿಧಾನವಾಗಿ ಇಂದುವಿನ ಮೇಲೆ ಬಂತು. ಹಳೆಯ ದ್ವೇಷ ಅದರಲ್ಲಿ ಮತ್ತೆ ಹೊತ್ತಿಕೊಂಡಿತು.

"ಒಂದೂಕಾಲು ವರ್ಸ ಏನೂ ಆಗ್ಲಿಲ್ಲ. ನಿನ್ ತಮ್ಮ ಆಚೆ ಬಂದ ಮ್ಯಾಕೆ ಆಯ್ತು. ಎರಡೇ ತಿಂಗ್ಳಿಗೆ. ಅದನ್ನೂ ಬರ್ಸು ನಿನ್ ಮಹಜರಲ್ಲಿ!"

"ನನ್ನ ತಮ್ಮನ ಸುದ್ದಿ ಎತ್ತಿದ್ರೆ ನಾಲಿಗೆ ಕಿತ್ತಾಕ್ತೀನಿ!" ಇಂದು ಅವನ ಮುಖದ ಮುಂದೆ ಬೆರಳಾಡಿಸಿದಳು. ಎಂಟು ವರ್ಷದ ನೌಕರಿಯಲ್ಲಿ ಹೀಗೆ ಯಾರಿಗೂ ಅಂದವಳಲ್ಲ. "ಮಾಡೋದೆಲ್ಲ ಮಾಡಿ, ಸಿಕ್ಕಿಬಿದ್ದ ಮೇಲೂ ಅವನ ಮೇಲೇ ಹಾಕ್ತೀರಾ? ನಾಚಿಕೆ ಅನ್ನೋದು ಬೇಡ್ವಾ? ಇವತ್ತು ಸಂಜೆಯೊಳಗೆ ಈ ಹಲ್ಲು, ಈ ಪೈಪು, ಈ ಮಹಜರು ಮೂರೂ ನಮ್ಮ ವಕೀಲರ ಟೇಬಲ್ ಮೇಲಿರುತ್ತೆ. ಸೋಮವಾರ ಕೋರ್ಟಲ್ಲಿ ನಿಂತು ನೀವು ಅಳಿ, ನಾನು ನೋಡ್ತೀನಿ!"

"ಮೇಡಂ," ಎಂದ ಬೋರಯ್ಯ. ಅವನು ಪೈಪಿನ ತುಂಡನ್ನು ಬಕೆಟ್ಟಿನ ಮೇಲೆ ಇನ್ನೂ ತಟ್ಟುತ್ತಿದ್ದ. "ಒಳಗೆ ಇನ್ನೊಂದೇನೋ ಐತೆ. ಗಿಲಿಗಿಲಿ ಅಂತೈತೆ."

"ಕೊಡಿ ಇಲ್ಲಿ."

ಇಂದು ತುಂಡನ್ನು ಇಸಿದುಕೊಂಡು ಅಂಗೈ ಮೇಲೆ ಬಗ್ಗಿಸಿದಳು. ಮೊದಲು ಒಂದಿಷ್ಟು ಕೆಸರು. ಆಮೇಲೆ ಒಂದು ಗುಂಡನೆಯ ಚಿಕ್ಕ ವಸ್ತು ಉರುಳಿ ಅಂಗೈಯ ನಡುವೆ ನಿಂತಿತು.

ಕೈಗವಸಿನ ಹೆಬ್ಬೆರಳಲ್ಲಿ ಉಜ್ಜಿದಳು. ಬೆಳ್ಳಿ. ಮೇಲೆ ಸಣ್ಣದೊಂದು ಚಕ್ರ.

ಪರ್ಸಿನಲ್ಲಿದ್ದ ತನ್ನ ಉಂಗುರವೇ ಹೇಗೋ ಬಿದ್ದಿರಬೇಕು ಎಂದು ಒಂದು ಗಳಿಗೆ ಹುಚ್ಚಿಯಂತೆ ಅಂದುಕೊಂಡು, ಇನ್ನೊಂದು ಕೈಯಿಂದ ಪರ್ಸಿನ ಮೇಲೆ ತಡವಿದಳು. ಅವಳದು ಅಲ್ಲೇ ಇತ್ತು, ಬಟ್ಟೆಯೊಳಗೆ ಗುಂಡಗೆ ಬೆರಳಿಗೆ ಸಿಕ್ಕಿತು.

ಅರಸೀಕೆರೆ ಬಸ್‌ಸ್ಟ್ಯಾಂಡು. ನೂಕುನುಗ್ಗಲು. ಶಿವರಾತ್ರಿ ಮಾರನೇ ದಿನ.

ಬೇಲಿಯಾಚೆ ಜವರಯ್ಯ ಇನ್ನೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಇಷ್ಟು ದೂರಕ್ಕೆ ಅವನಿಗೆ ಅಂಗೈ ಕಾಣುವಂತಿರಲಿಲ್ಲ. "ಅವ್ವಾ, ನಾನು ಮನೆಗೋಗಿ ನಿಮ್ಮವ್ವಂಗೆ ಹೇಳ್ಲಾ? ರಾವುಲ್ಲಂಗೆ ಹೇಳ್ಲಾ?" ಎಂದು ಕೂಗಿದ.

ಇಂದು ಮುಷ್ಟಿ ಬಿಗಿಹಿಡಿದಳು.

"ಕೈ ಬಿಚ್ಚಮ್ಮ," ಎಂದ ನಂಜುಂಡಯ್ಯ. ಅವನು ಎದ್ದು ನಿಂತಿದ್ದ. ಅವಳ ಮುಖದಲ್ಲಿ ಅವನಿಗೆ ಏನು ಕಂಡಿತೋ, ದನಿ ತೀರ ಮೆತ್ತಗಾಗಿತ್ತು. "ಅದೇನ್ ಸಿಕ್ತು, ನಮ್ಗೂ ತೋರ್ಸು."

ಸಿದ್ದಬಸಪ್ಪ ಹಾಳೆ ತಿರುವಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಪೆನ್ನಿನ ಮುಚ್ಚಳ ತೆಗೆದ.

"ಒಂದನ್ನೂ ಬಿಡದೆ ಅಂತ ನೀವೇ ಬರ್ಸಿದ್ದೀರಿ, ಸಹಿನೂ ಹಾಕಿದ್ದೀರಿ," ಎಂದ. "ಎರಡನೇ ವಸ್ತು ಏನಂತ ಬರ್ಕೊಳ್ಲಿ ಮೇಡಂ?"